ಆರರಿಂದ ಏಳು ಸದ್ದು ಮಾಡಬಾರದು

ಬಸ್ ಡಿಪೋದ ಟೈಮ್‌ಕೀಪರನಿಗೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಮನಶ್ಶಾಂತಿಯ ಹುಚ್ಚು ಹಿಡಿಯಿತು. ಹಿಡಿದದ್ದು ಅವನಿಗೆ, ಅನುಭವಿಸಿದ್ದು ಮನೆಯವರು.

ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲಿನಲ್ಲಿ ಒಬ್ಬ ಗುರು ಇದ್ದ. ಅದಕ್ಕೆ ಮೊದಲು ಮನೆಮನೆಗೆ ನೀರಿನ ಫಿಲ್ಟರ್ ಮಾರುತ್ತಿದ್ದವನು. ಟೈಮ್‌ಕೀಪರನ ಹೆಂಡತಿ ಅವನನ್ನು ‘ಫಿಲ್ಟರ್ ಗುರು’ ಅನ್ನುತ್ತಿದ್ದಳು. ಅವನಿಂದ ಕೊಂಡ ಫಿಲ್ಟರು ಮೂರನೇ ತಿಂಗಳಿಗೇ ಸೋರಿ ಅಡುಗೆಮನೆ ಕೆರೆಯಾಗಿತ್ತು. “ಒಂದು ನಲ್ಲಿ ನೆಟ್ಟಗೆ ಕೂರಿಸಕ್ಕೆ ಬರದೋನು ಮನಸ್ಸು ಕೂರಿಸ್ತಾನಂತೆ” ಅಂತ ಅವಳು ಅಂದರೆ, ಗಂಡ ಎರಡು ಕಣ್ಣೂ ಮುಚ್ಚಿ ಅವಳನ್ನು ಕ್ಷಮಿಸುತ್ತಿದ್ದ.

ಗುರು ಹೇಳಿಕೊಟ್ಟದ್ದು ಇಷ್ಟೇ. ದಿನಾ ಬೆಳಿಗ್ಗೆ ಆರರಿಂದ ಏಳು ಬೆನ್ನು ನೆಟ್ಟಗೆ ಮಾಡಿ ಕೂತು ಉಸಿರು ನೋಡಬೇಕು. ಮನಸ್ಸು ಎಲ್ಲಾದರೂ ಹೋದರೆ ಎಳೆದು ತರಬೇಕು. ಒಂದು ದಿನವೂ ತಪ್ಪಿಸಬಾರದು. ಹಾಗೆ ಮಾಡಿದರೆ ಒಂದು ತಿಂಗಳಿಗೆ ಕೋಪ ಹೋಗುತ್ತದೆ, ಎರಡು ತಿಂಗಳಿಗೆ ಬಂಧನ ಹೋಗುತ್ತದೆ.

ಟೈಮ್‌ಕೀಪರ್ ಮೂವತ್ತು ವರ್ಷ ಬಸ್ಸು ಹೊರಟದ್ದು ಬಂದದ್ದು ಬರೆದುಕೊಂಡೇ ಬದುಕಿದವನು. ಮನಸ್ಸನ್ನೂ ಹಾಗೇ ಬಿಡಲಿಲ್ಲ. ಒಂದು ಡೈರಿ ಇಟ್ಟ. ಏಳು ಗಂಟೆಗೆ ಕಣ್ಣು ಬಿಟ್ಟವನೇ ಬರೆಯುತ್ತಿದ್ದ: ‘ಮನಸ್ಸು ಹೊರಟದ್ದು 6.12. ವಾಪಸ್ 6.19. ತಡ ಏಳು ನಿಮಿಷ. ಕಾರಣ: ಹಲ್ಲು ನೋವು.’

ಮೊದಲನೇ ದಿನವೇ ರಂಪ ಆಯಿತು. ಹೆಂಡತಿ ಹೊಲಿಗೆಯವಳು. ಒಂದು ಶಾಲೆಯ ಯೂನಿಫಾರ್ಮು, ಅರವತ್ತು ಶರ್ಟು ಒಪ್ಪಿಕೊಂಡಿದ್ದಳು. ಅವಳ ಮೆಷಿನ್ ಇದ್ದದ್ದು ಬಚ್ಚಲಿನ ಪಕ್ಕದ ಓಣಿಯಂಥ ಜಾಗದಲ್ಲಿ, ಕಾಮಾಲೆ ಬಂದಂಥ ಒಂದು ಬಲ್ಬಿನ ಕೆಳಗೆ. ಆರು ಗಂಟೆಗೆ ಕೂತು ಪೆಡಲ್ ಒತ್ತಿದಳೋ ಇಲ್ಲವೋ, ಹಾಲಿನಿಂದ ಗರ್ಜನೆ ಬಂತು.

“ಶಾಂತಿ! ಶಾಂತಿ ಬೇಕು ಅಂದೆನಲ್ಲ! ಕಿವಿ ಕೇಳಲ್ವಾ ನಿನಗೆ?”

“ನೀವು ಅರಚಿದ್ದು ಮೂರು ಮನೆ ಆಚೆಗೆ ಕೇಳಿಸಿದೆ. ನನ್ನ ಮೆಷಿನ್ ಅಷ್ಟು ಸದ್ದು ಮಾಡಲ್ಲ.”

“ಆರರಿಂದ ಏಳು ಈ ಮನೇಲಿ ಸೂಜಿ ಬಿದ್ದ ಸದ್ದೂ ಬರಕೂಡದು.”

“ಸೂಜಿ ಬಿದ್ರೆ ಹುಡುಕೋಳು ನಾನು. ನಿಮಗೇನು ಕಷ್ಟ?”

ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಬಚ್ಚಲಿನ ಬಾಗಿಲು ತೆರೆದು, ಬಾಯ್ತುಂಬ ನೊರೆ ಇಟ್ಟುಕೊಂಡೇ ಕೇಳಿದಳು. “ಅಪ್ಪಾ, ನೀರು ಹಾಕಬಹುದಾ, ಇಲ್ಲ ಏಳು ಗಂಟೆ ತನಕ ಹಾಗೇ ಬಿಡಲಾ?”

ಟೈಮ್‌ಕೀಪರ್ ಎದ್ದು ಬಂದು ಮೆಷಿನ್ನಿನ ಬೆಲ್ಟನ್ನೇ ಕಿತ್ತು ಜೇಬಿಗೆ ಹಾಕಿಕೊಂಡ. ಏಳು ಗಂಟೆಗೆ ವಾಪಸ್ ಕೊಟ್ಟ. ಮಾರನೆಯ ದಿನದಿಂದ ಅದೇ ನಿಯಮವಾಯಿತು. ಮೆಷಿನ್ ಇಲ್ಲ, ಪಾತ್ರೆ ಇಲ್ಲ, ನಲ್ಲಿ ಇಲ್ಲ, ಮಾತಂತೂ ಇಲ್ಲವೇ ಇಲ್ಲ.

ಆದರೆ ಆ ಮನೆಯಲ್ಲಿ ಬೆಲ್ಟು ಕಿತ್ತು ನಿಲ್ಲಿಸಲಾಗದ ಒಂದು ಸದ್ದಿತ್ತು. ಅದು ಅವನ ತಾಯಿ.

ಮುದುಕಿಗೆ ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿತ್ತು. ಮಾತೂ ಹೋಯಿತು, ಮೂರು ಬಿಟ್ಟು. ಬೇಕಾದಾಗ ‘ಪುಟ್ಟೂ’, ಬೇಡವಾದಾಗ ‘ಬೇಡ’, ಸೊಸೆಯನ್ನು ಕಂಡಾಗ ‘ಥೂ’. ಪುಟ್ಟು ಅಂದರೆ ಬೇರೆ ಯಾರೂ ಅಲ್ಲ, ಹೊಟ್ಟೆ ಬಿಟ್ಟ, ಅರ್ಧ ನೆರೆತ ಮೀಸೆಯ ಟೈಮ್‌ಕೀಪರನೇ. ಆರೂಕಾಲಿಗೆ ಎಚ್ಚರವಾದವಳೇ ಕೋಣೆಯಿಂದ “ಪುಟ್ಟೂ! ಪುಟ್ಟೂ!” ಅಂತ ಶುರು ಮಾಡುತ್ತಿದ್ದಳು. ಡೈರಿಯಲ್ಲಿ ‘ತಡ. ಕಾರಣ: ಅಮ್ಮ’ ಅಂತ ನಾಲ್ಕು ದಿನ ಸಾಲಾಗಿ ಬಿತ್ತು.

“ನೀನು ಆ ಕೋಣೆಗೆ ಹೋಗಿ ಕೂತ್ಕೋ” ಅಂದ ಗಂಡ. “ಏಳು ಗಂಟೆ ತನಕ ಅವಳು ಬಾಯಿ ಬಿಡದ ಹಾಗೆ ನೋಡ್ಕೋ.”

“ನಾನಾ? ನನ್ನ ಮುಖ ಕಂಡ್ರೆ ಥೂ ಅಂತಾರೆ.”

“ಥೂ ಮೆಲ್ಲಗೆ ಅಂತಾಳೆ. ಪುಟ್ಟು ಅಂತ ಕೂಗಿದ್ರೇ ಜೋರು.”

ಆ ‘ಥೂ’ಗೆ ಇಪ್ಪತ್ನಾಲ್ಕು ವರ್ಷ ವಯಸ್ಸಾಗಿತ್ತು. ಮುದುಕಿ ತನ್ನ ಕಾಲದಲ್ಲಿ ಕೈಯಲ್ಲಿ ಕಾಜಾ ಹಾಕುವುದರಲ್ಲಿ ಎತ್ತಿದ ಕೈ. ಗುಂಡಿ ತೂರಿಸುವ ಆ ಸೀಳಿನ ಸುತ್ತ ಅವಳು ಹಾಕಿದ ದಾರ, ಇರುವೆ ಸಾಲಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತಿತ್ತು. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಗಂಡನಿಗೆ ಆಸೆಪಟ್ಟು ಒಂದು ಶರ್ಟು ಹೊಲಿದಿದ್ದಳು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಬಂದ ನೆಂಟರೆದುರಿಗೇ ಏಳು ಕಾಜಾವನ್ನೂ ಬ್ಲೇಡಿನಲ್ಲಿ ಬಿಚ್ಚಿದಳು. “ಇದು ಕಾಜಾ ಅಲ್ಲಮ್ಮ, ಇಲಿ ಕಡಿದ ತೂತು.” ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಸೊಸೆ ಕಾಜಾಕ್ಕೆ ಸೂಜಿ ಮುಟ್ಟಲಿಲ್ಲ. ಎಷ್ಟು ಶರ್ಟು ಹೊಲಿದರೂ ಕಾಜಾ ಮಾತ್ರ ಪೇಟೆಯ ಅಂಗಡಿಗೆ ಕಳಿಸುತ್ತಿದ್ದಳು. ಅತ್ತೆಯ ಮೇಲಿನ ಸಿಟ್ಟನ್ನು ಮಾತ್ರ ಎಲ್ಲಿಗೂ ಕಳಿಸದೆ ಮನೆಯಲ್ಲೇ ಸಾಕಿಕೊಂಡಿದ್ದಳು.

ಅತ್ತೆಗೆ ಲಕ್ವ ಹೊಡೆದ ಮೇಲೆ ಗಂಡನ ಹಿಂದೆ ಬಿದ್ದಳು. “ಇವರನ್ನ ಎಲ್ಲಾದ್ರೂ ವೃದ್ಧಾಶ್ರಮಕ್ಕೆ ಸೇರಿಸಿ. ಒರೆಸಿ ತೊಳೆದು ನನ್ನ ಸೊಂಟ ಬಿದ್ದುಹೋಗಿದೆ. ಆ ಕೋಣೆ ಸಿಕ್ಕಿದ್ರೆ ಕಿಟಕಿ ಹತ್ರ ಮೆಷಿನ್ನಾದ್ರೂ ಹಾಕ್ಕೋತೀನಿ. ನನ್ನ ಕಣ್ಣು ಹೋಗ್ತಿದೆ.”

ಗಂಡ ಆಗ ತಟ್ಟೆ ಎಸೆಯುತ್ತಿದ್ದ. “ನಮ್ಮಮ್ಮನ್ನ ಹೊರಗೆ ಹಾಕೋ ಮಾತಾಡಿದ್ರೆ ನಾಲಿಗೆ ಸೀಳಿಬಿಡ್ತೀನಿ!” ಸಂಜೆ ಡ್ಯೂಟಿ ಮುಗಿಸಿ ಬಂದವನು ಬೂಟು ಬಿಚ್ಚುವ ಮೊದಲೇ ತಾಯಿಯ ಮಂಚದ ಮೇಲೆ ಕೂತು, ಟೀಯಲ್ಲಿ ಬ್ರೆಡ್ಡು ಅದ್ದಿ ಬಾಯಿಗಿಡುತ್ತಿದ್ದ. ಎಂಥ ಒರಟನಾದರೂ ಅದೊಂದು ಗುಣ ಅವನಲ್ಲಿತ್ತು, ಅದನ್ನು ಹೆಂಡತಿಯೂ ಇಲ್ಲವೆನ್ನುತ್ತಿರಲಿಲ್ಲ.

ಹೀಗೆ ಅತ್ತೆ ಸೊಸೆ ಇಬ್ಬರೂ ಒಂದು ಮುಚ್ಚಿದ ಕೋಣೆಯಲ್ಲಿ ಬೆಳಿಗ್ಗೆ ಒಂದು ಗಂಟೆ ಕೂರಬೇಕಾಗಿ ಬಂತು. ಮುದುಕಿ ಬಾಯಿ ತೆರೆದ ಕೂಡಲೆ ಸೊಸೆ ಅದಕ್ಕೊಂದು ಬಿಸ್ಕತ್ತು ತುರುಕುತ್ತಿದ್ದಳು. ಎರಡು ದಿನ ಬಿಸ್ಕತ್ತಿನಲ್ಲಿ ಕಳೆಯಿತು. ಮೂರನೇ ದಿನ ಮುದುಕಿ ಬಿಸ್ಕತ್ತನ್ನು ಸೊಸೆಯ ಮುಖಕ್ಕೇ ಉಗುಳಿದಳು.

ಏನು ಮಾಡುವುದೆಂದು ತೋಚದೆ ಸೊಸೆ ಗುಂಡಿಗಳ ಡಬ್ಬಿ ತಂದು ಹಾಸಿಗೆಯ ಮೇಲೆ ಸುರಿದಳು. ಇಪ್ಪತ್ತು ವರ್ಷದಿಂದ ಕಿತ್ತದ್ದು, ಉಳಿದದ್ದು, ಬಿದ್ದು ಸಿಕ್ಕಿದ್ದು ಎಲ್ಲ ಕಲಸಿಕೊಂಡು ಬಿದ್ದಿದ್ದ ಡಬ್ಬಿ. ಮುದುಕಿ ಕಣ್ಣರಳಿಸಿದಳು. ಎಡಗೈ ಚಾಚಿ, ಒಂದೊಂದೇ ಆರಿಸತೊಡಗಿದಳು. ಎರಡು ಕಣ್ಣಿನವು ಒಂದು ಕಡೆ, ನಾಲ್ಕು ಕಣ್ಣಿನವು ಒಂದು ಕಡೆ, ಹಿಂದೆ ಕೊಕ್ಕೆ ಇರುವವು ಇನ್ನೊಂದು ಕಡೆ. ಬಣ್ಣದ ಯೋಚನೆ ಆಮೇಲಿನದು, ಮೊದಲು ತೂತು ನೋಡಬೇಕು. ಏಳು ಹೊಡೆಯುವ ತನಕ ಉಸಿರೆತ್ತಲಿಲ್ಲ.

“ಅಂತೂ ಬಾಯಿಗೆ ಬೀಗ ಸಿಕ್ತು” ಅಂದುಕೊಂಡಳು ಸೊಸೆ.

ಎರಡನೇ ವಾರ ಅವಳಿಗೆ ಬೇಜಾರು ಹಿಡಿಯಿತು. ಒಂದು ಗಂಟೆ ಮುದುಕಿಯ ಮುಖ ನೋಡಿಕೊಂಡು ಎಷ್ಟು ಅಂತ ಕೂರುವುದು? ಒಂದು ಶರ್ಟಿನ ಪಟ್ಟಿ ತಂದಳು. ಕೈಗೆ ಕೆಲಸ ಇರಲಿ ಅಂತ ಒಂದು ಸೀಳು ಮಾಡಿ ಕಾಜಾ ಹಾಕತೊಡಗಿದಳು. ಮೂರು ಹೊಲಿಗೆ ಹಾಕಿದ್ದಳೋ ಇಲ್ಲವೋ, ಮಂಡಿಯ ಮೇಲೆ ‘ಟಕ್’ ಅಂತ ಬಿತ್ತು. ಮುದುಕಿ ಎಡಗೈ ಬೆರಳಿನ ಗೆಣ್ಣಿನಲ್ಲಿ ಕುಟ್ಟಿದ್ದಳು. ಅಂದರೆ, ಬಿಚ್ಚು.

ಸೊಸೆಗೆ ನೆತ್ತಿ ಸುಟ್ಟಿತು. ನಾಲಿಗೆ ತುದಿಗೆ ಇಪ್ಪತ್ನಾಲ್ಕು ವರ್ಷದ್ದೆಲ್ಲ ಬಂತು. ಬೈಯೋಣ ಅಂದರೆ ಆಚೆ ಟೈಮ್‌ಕೀಪರ್ ಉಸಿರು ನೋಡುತ್ತಿದ್ದಾನೆ. ಒಂದು ಮಾತು ಎತ್ತಿದರೆ ನಾಳೆ ಮೆಷಿನ್ನಿನ ಬೆಲ್ಟು ಹತ್ತು ಗಂಟೆಗೂ ಸಿಗುವುದಿಲ್ಲ. ಹಲ್ಲು ಕಚ್ಚಿಕೊಂಡು ಬಿಚ್ಚಿದಳು. ಮತ್ತೆ ಹಾಕಿದಳು. ಟಕ್. ಬಿಚ್ಚಿದಳು. ಟಕ್.

ಹಿಂದೆ ಅವರಿಬ್ಬರ ನಡುವೆ ಏನು ಶುರುವಾದರೂ ಕೂಗಾಟದಲ್ಲೇ ಮುಗಿಯುತ್ತಿತ್ತು. ಈಗ ಕೂಗುವ ಹಾಗಿಲ್ಲ. ಕಲಿಸುವವಳಿಗೆ ಮಾತಿಲ್ಲ, ಕಲಿಯುವವಳಿಗೆ ಮಾತಾಡುವ ಅಪ್ಪಣೆಯಿಲ್ಲ. ಹಾಗಾಗಿ ಪಾಠ ಮುಂದುವರಿಯಿತು. ದಾರವನ್ನು ಸೂಜಿಯ ಹಿಂದಿನಿಂದ ಸುತ್ತಿ ಮೇಲಕ್ಕೆ ಎಳೆಯಬೇಕು, ಪಕ್ಕಕ್ಕಲ್ಲ ಅನ್ನುವುದು ಮೂರು ದಿನಕ್ಕೆ ತಲೆಗೆ ಹೋಯಿತು. ಅದನ್ನು ಮುದುಕಿ ಅವಳ ಮಣಿಕಟ್ಟು ಹಿಡಿದು ತೋರಿಸಿದಳು. ಆ ಕೈ ಕುಟ್ಟದೆ ತನ್ನನ್ನು ಹಿಡಿದದ್ದು ಇದೇ ಮೊದಲು ಅಂತ ಸೊಸೆಗೆ ಆಮೇಲೆ ಬಟ್ಟೆ ಒಗೆಯುವಾಗ ಹೊಳೆಯಿತು. “ಮುದುಕಿ ಕೈಯಲ್ಲಿ ಇನ್ನೂ ಕಬ್ಬಿಣ ಇದೆ, ಸಾಯೋ ಪೈಕಿ ಅಲ್ಲ” ಅಂತ ಬಕೆಟ್ಟಿಗೆ ಹೇಳಿದಳು.

ನಾಲ್ಕನೇ ವಾರದ ಒಂದು ಬೆಳಿಗ್ಗೆ ಪೂರಾ ಒಂದು ಕಾಜಾ ಮುಗಿಯಿತು, ಟಕ್ ಬೀಳಲಿಲ್ಲ. ಸೊಸೆ ತಲೆಯೆತ್ತಿ ನೋಡಿದಳು. ಮುದುಕಿ ಗುಂಡಿ ಆರಿಸುತ್ತಿದ್ದಳು, ಏನೂ ಆಗಿಲ್ಲವೆಂಬ ಹಾಗೆ. ಥೂ ಕೂಡ ಅನ್ನಲಿಲ್ಲ.

ಅವತ್ತಿಂದ ಶಾಲೆಯ ಶರ್ಟುಗಳು ಕಾಜಾ ಅಂಗಡಿಗೆ ಹೋಗುವುದು ನಿಂತಿತು.

ಟೈಮ್‌ಕೀಪರನೂ ಬದಲಾಗುತ್ತಿದ್ದ, ಇಲ್ಲ ಅನ್ನುವ ಹಾಗಿಲ್ಲ. ಊಟದಲ್ಲಿ ಉಪ್ಪಿಲ್ಲದಿದ್ದರೆ ಮೊದಲು ತಟ್ಟೆ ಹಾರುತ್ತಿತ್ತು. ಈಗ ಮುಗುಳ್ನಗುತ್ತಿದ್ದ.

“ಉಪ್ಪು ಮರೆತಿದೀಯ. ಪರವಾಗಿಲ್ಲ. ಮರೆಯೋದು ನಿನ್ನ ಸ್ವಭಾವ. ನಾನು ಅದನ್ನ ನೋಡ್ತೀನಿ, ಬಿಟ್ಟುಬಿಡ್ತೀನಿ.”

“ಬಿಡೋದ್ಯಾಕೆ? ಉಪ್ಪಿನ ಡಬ್ಬಿ ನಿಮ್ಮ ಮೊಣಕೈ ಹತ್ರಾನೇ ಇದೆ.”

“ಅಮ್ಮಾ, ಅಪ್ಪ ಮೊದಲು ಬೈತಿದ್ದ, ಈಗ ಕ್ಷಮಿಸ್ತಾನೆ” ಅಂದಳು ಮಗಳು ಆಲೂಗಡ್ಡೆ ಹಿಚುಕುತ್ತ. “ಬೈಗುಳಾನೇ ವಾಸಿ ಇತ್ತು. ಕೇಳಿ ಮರೆತುಬಿಡಬಹುದಿತ್ತು.”

“ಕೋಪ ಹೋಗಿದೆ ಕಣೇ ನನಗೆ” ಅಂದ ಅವನು, ಸಂಬಳ ಹೆಚ್ಚಾದವನ ಹಾಗೆ.

ಕೋಪದ ಜೊತೆಗೆ ಇನ್ನೂ ಕೆಲವು ಹೋಗಿದ್ದವು. ಸಂಜೆ ತಾಯಿಯ ಮಂಚದ ಮೇಲೆ ಕೂರುವುದು ನಿಂತಿತ್ತು. ಬ್ರೆಡ್ಡು ಅದ್ದಿ ತಿನ್ನಿಸುವ ಕೆಲಸವೂ ಸೊಸೆಯ ತಲೆಗೇ ಬಂದಿತ್ತು. ಮುದುಕಿ ಬೂಟಿನ ಸದ್ದು ಕೇಳಿ ಬಾಗಿಲ ಕಡೆ ಕತ್ತು ತಿರುಗಿಸುತ್ತಿದ್ದಳು. ಬೂಟು ಆಚೆಯಿಂದಾಚೆಗೇ ಹೋಗುತ್ತಿತ್ತು.

“ಒಂದು ಗಳಿಗೆ ಒಳಗೆ ಹೋಗಿ ಮುಖ ತೋರಿಸ್ರೀ. ಕಾಯ್ತಿರ್ತಾರೆ.”

“ನೀನೇನೇ ಹೇಳ್ತಿರೋದು ಇದು? ನೀನು!” ಅವನು ನಿಜಕ್ಕೂ ಬೆರಗಾದ. “ಅದೇ ಬಂಧನ. ಅವಳು ಪುಟ್ಟು ಅಂತಾಳೆ, ನಾನು ಕರಗ್ತೀನಿ. ಗುರುಗಳು ಹೇಳಿದಾರೆ, ಕರಗಬಾರದು.”

“ನಿಮ್ಮ ಗುರುಗಳು ಮಾರಿದ್ದು ಸೋರ್ತು. ನೀವಾದ್ರೋ ಕರಗೋದೂ ಇಲ್ಲ, ಸೋರೋದೂ ಇಲ್ಲ. ಒಳ್ಳೆ ಕಲ್ಲು ಸಿಕ್ತು ಅವರಿಗೆ.”

ಏಳನೇ ವಾರ, ಭಾನುವಾರ ಮಧ್ಯಾಹ್ನ, ಊಟದ ತಟ್ಟೆ ಸರಿಸಿ ಟೈಮ್‌ಕೀಪರ್ ಗಂಟಲು ಸರಿಮಾಡಿಕೊಂಡ.

“ಊರ ಹೊರಗೆ ಒಂದು ವೃದ್ಧಾಶ್ರಮ ಇದೆ. ಗುರುಗಳಿಗೆ ಪರಿಚಯದವರದು. ಅಮ್ಮನಿಗೆ ಜಾಗ ಸಿಕ್ಕಿದೆ. ಗುರುವಾರ ವ್ಯಾನು ಬರುತ್ತೆ.”

ಮಗಳ ಕೈಯಲ್ಲಿ ಚಮಚ ನಿಂತಿತು.

“ಅಜ್ಜೀನಾ? ಅಪ್ಪಾ, ಅಜ್ಜಿಗೋಸ್ಕರ ನೀನು ತಟ್ಟೆ ಎಸೀತಿದ್ದೆ.”

“ಆ ಅಪ್ಪ ಬೇರೆ, ಈ ಅಪ್ಪ ಬೇರೆ” ಅಂದ ಶಾಂತವಾಗಿ. ಆಮೇಲೆ ಹೆಂಡತಿಯ ಕಡೆ ತಿರುಗಿದ. “ಮೂರು ವರ್ಷದಿಂದ ನೀನು ಕೇಳಿದ್ದು ಇದೇ ತಾನೇ? ಕೋಣೆ ಖಾಲಿ ಆಗುತ್ತೆ. ಕಿಟಕಿ ಕಡೆ ಅರ್ಧ ನಿನ್ನ ಮೆಷಿನ್, ಒಳಗಿನ ಅರ್ಧ ನನ್ನ ಸಾಧನೆ. ಸರೀನಾ?”

ಅವಳು “ಹೂಂ” ಅಂದಳು. ಮೂರು ವರ್ಷ ಬಾಯಿ ಬಡಿದುಕೊಂಡವಳು ಇನ್ನೇನು ಅಂದಾಳು?

ಮಂಗಳವಾರ ಟೇಪು ತೆಗೆದುಕೊಂಡು ಕೋಣೆಗೆ ಹೋಗಿ ಕಿಟಕಿಯ ಕೆಳಗೆ ಅಳತೆ ಹಿಡಿದಳು. ಮೆಷಿನ್ ಸರಿಯಾಗಿ ಕೂರುತ್ತಿತ್ತು. ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜಿಗೂ ಜಾಗ ಇತ್ತು, ಮಂಚ ತೆಗೆದರೆ. ಟೇಪು ಸುತ್ತಿಕೊಂಡು ತಿರುಗಿದಾಗ ಮುದುಕಿ ನೋಡುತ್ತಿದ್ದಳು. ಅರವತ್ತು ವರ್ಷ ಟೇಪಿನ ಜೊತೆ ಬದುಕಿದವಳಿಗೆ, ಯಾರು ಯಾತಕ್ಕೆ ಅಳೆಯುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬುಧವಾರ ಆರು ಗಂಟೆಗೆ ಗುಂಡಿ ಸುರಿದಳು. ಮುದುಕಿ ಮುಟ್ಟಲಿಲ್ಲ. ಸೊಸೆ ಕಾಜಾ ಶುರು ಮಾಡಿದಳು. ಸದ್ದಿಲ್ಲ. ಬೇಕೂ ಅಂತ ಒಂದು ಹೊಲಿಗೆ ಓರೆ ಹಾಕಿದಳು. ಸದ್ದಿಲ್ಲ. ಎರಡು, ಮೂರು, ದಾರ ಪಕ್ಕಕ್ಕೆ ಎಳೆದು, ಗಂಟು ಮೇಲೆ ಗಂಟು ಹಾಕಿ, ಇಲಿ ಅಲ್ಲ ಹೆಗ್ಗಣ ಕಡಿದ ಹಾಗೆ ಮಾಡಿ, ಅದನ್ನು ಮುದುಕಿಯ ಮೂಗಿನ ಹತ್ತಿರ ಹಿಡಿದಳು. ಬಡಿಯೇ ಮುದುಕಿ, ಒಂದು ಸಲ ಬಡಿ.

ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಅವತ್ತು ಇಡೀ ದಿನ ಹೊಲಿಗೆಯವಳ ಕೈಗೆ ಮೂರು ಸಲ ಸೂಜಿ ಚುಚ್ಚಿತು. ಗಂಜಿ ತಳ ಹಿಡಿಯಿತು. ಮಗಳ ಮೇಲೆ ಕಾರಣವಿಲ್ಲದೆ ರೇಗಿದಳು.

“ನನ್ನ ಮೇಲೆ ಯಾಕಮ್ಮಾ? ಹೂಂ ಅಂದೋಳು ನೀನು.”

“ನಿನ್ನ ಬಾಯಿ ಜಾಸ್ತಿ ಆಯ್ತು.”

“ಅಪ್ಪ ದಿನಾ ಕೂತು ಹೀಗಾದ. ನೀನೂ ದಿನಾ ಕೂತೆ.”

“ನಾನೆಲ್ಲಿ ಕೂತೆ? ನಿಮ್ಮಜ್ಜಿ ಬಾಯಿ ಮುಚ್ಚಿಸ್ತಾ ಇದ್ದೆ. ಹೋಗು, ಪಾತ್ರೆ ಉಜ್ಜು.”

ಗುರುವಾರ ವ್ಯಾನು ಹತ್ತು ಗಂಟೆಗೆ ಬರುತ್ತದೆ ಅಂತ ಅವಳು ತಿಳಿದಿದ್ದಳು. ಬೆಳಿಗ್ಗೆ ಎದ್ದಾಗ ಗಂಡ ಹೇಳಿದ, “ಆರೂವರೆಗೆ ಬರುತ್ತೆ. ನಾನು ಕೂತಿರ್ತೀನಿ. ನೀನೇ ಹತ್ತಿಸಿ ಕಳಿಸಿಬಿಡು.”

“ಕಳಿಸೋ ಹೊತ್ತಿಗೆ ನೀವು ಕಣ್ಣು ಮುಚ್ಕೊಂಡಿರ್ತೀರಾ?”

“ಬೇಕೂ ಅಂತಲೇ ಆ ಟೈಮ್ ಕೊಟ್ಟಿದೀನಿ. ಎದುರಿಗೆ ನಿಂತ್ರೆ ಅಮ್ಮ ಪುಟ್ಟು ಅಂತಾಳೆ. ಅವಳಿಗೂ ಹಿಂಸೆ, ನನಗೂ. ಇದರಲ್ಲೇ ಎಲ್ಲರಿಗೂ ಶಾಂತಿ.”

ಹೆಂಡತಿ ಅವನನ್ನು ತಲೆಯಿಂದ ಕಾಲಿನ ತನಕ ನೋಡಿದಳು, ಹಾಳಾದ ಬಟ್ಟೆಯಲ್ಲಿ ಎಲ್ಲಾದರೂ ಒಂದು ತುಂಡು ಉಪಯೋಗಕ್ಕೆ ಬರುತ್ತದೋ ಅಂತ ನೋಡುವ ಹಾಗೆ. ಅವನು ಹೋಗಿ ಕೂತ. ಬೆನ್ನು ನೆಟ್ಟಗಿತ್ತು.

ಆರೂವರೆಗೆ ಸರಿಯಾಗಿ ವ್ಯಾನು ಬಂತು. ಒಬ್ಬ ಡ್ರೈವರು, ಒಬ್ಬ ಆಯಾ. ಆಯಾ ಚಕ್ರದ ಕುರ್ಚಿ ತಳ್ಳಿಕೊಂಡು ಬಾಗಿಲಿಗೆ ಬಂದು ಮೆತ್ತಗೆ ಕೇಳಿದಳು, “ಅಮ್ಮ ರೆಡೀನಾ?”

ಹೊಲಿಗೆಯವಳು ಮುದುಕಿಯ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ಹಾಕಿದ್ದಳು. ತಲೆ ಬಾಚಿದ್ದಳು. ಮುದುಕಿ ಕುರ್ಚಿ ನೋಡಿದಳು, ಆಯಾಳನ್ನು ನೋಡಿದಳು, ಆಮೇಲೆ ಸೊಸೆಯನ್ನು ನೋಡಿ ಮೆಲ್ಲಗೆ, ಆ ಹೊತ್ತಿನ ನಿಯಮ ತನಗೂ ಗೊತ್ತು ಅನ್ನುವ ಹಾಗೆ ಮೆಲ್ಲಗೆ ಅಂದಳು:

“ಬೇಡ.”

ಸೊಸೆ ಚೀಲ ಕೆಳಗಿಟ್ಟಳು.

“ಹೋಗಮ್ಮ ನೀನು” ಅಂದಳು ಆಯಾಗೆ. “ಇವರು ಬರಲ್ಲ.”

“ಬರಲ್ಲ ಅಂದ್ರೆ? ಯಜಮಾನರು ಹೇಳಿದ್ರು...”

“ಯಜಮಾನರು ಉಸಿರು ನೋಡ್ತಿದಾರೆ. ಯಜಮಾನಿ ಹೇಳ್ತಿದೀನಿ, ಹೋಗು.”

ವ್ಯಾನಿನ ಸದ್ದು ದೂರವಾಗುವ ತನಕ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ನೆಟ್ಟಗೆ ಹಾಲಿಗೆ ಹೋಗಿ, ಕಣ್ಣು ಮುಚ್ಚಿ ಕೂತಿದ್ದವನ ಜೇಬಿಗೆ ಕೈಹಾಕಿ ಬೆಲ್ಟು ಎಳೆದುಕೊಂಡಳು. ಮೆಷಿನ್ನಿಗೆ ಏರಿಸಿ, ಬಟ್ಟೆಯೂ ಇಲ್ಲ ದಾರವೂ ಇಲ್ಲ, ಬರಿದೇ ಪೆಡಲ್ ಒತ್ತಿದಳು. ಏಳು ವಾರದ ಸದ್ದೆಲ್ಲ ಒಂದೇ ಸಲ ಎದ್ದಿತು.

“ಯಾರೇ ಅದು! ನಿಲ್ಲಿಸೇ! ಕಾಲು ಮುರೀತೀನಿ!”

ಟೈಮ್‌ಕೀಪರ್ ಓಣಿಗೆ ನುಗ್ಗಿದ. ಮುಖ ಕೆಂಡವಾಗಿತ್ತು. ಹೋಗಿದ್ದ ಕೋಪ ಒಂದು ಕೂದಲೂ ನೆರೆಯದೆ ವಾಪಸ್ ಬಂದಿತ್ತು.

“ಬಂದ್ರಲ್ಲ, ಬನ್ನಿ” ಅಂದಳು ಹೆಂಡತಿ. “ವ್ಯಾನು ವಾಪಸ್ ಕಳಿಸಿದೆ.”

“ಏನು? ಕಳಿಸು ಕಳಿಸು ಅಂತ ಮೂರು ವರ್ಷ ನನ್ನ ಪ್ರಾಣ ತಿಂದೋಳು ನೀನು!”

“ಹೂಂ, ತಿಂದೆ. ಈಗ ಬೇಡ ಅಂತಿದೀನಿ.”

“ಯಾಕೆ? ಯಾಕೆ ಅಂತ ಹೇಳೇ!”

ಅತ್ತೆ ಒಳ್ಳೆಯವಳು ಅನ್ನಲು ಬಾಯಿ ಬಾರದು, ಅದು ಸುಳ್ಳೂ ಆಗುತ್ತಿತ್ತು. “ಇನ್ನೂ ನಲವತ್ತು ಕಾಜಾ ಇದೆ” ಅಂದಳು.

“ಕಾಜಾ? ನನ್ನ ಸಾಧನೆ ಹಾಳು ಮಾಡಿ ಕಾಜಾ ಅಂತೀಯಾ?”

“ನಿಮ್ಮ ಸಾಧನೆಗೆ ಬೆಂಕಿ ಬೀಳ. ಹೆತ್ತೋಳು ಹೋಗೋದು ನೋಡಕ್ಕಾಗದೆ ಕಣ್ಣು ಮುಚ್ಚಿ ಕೂತ್ರಿ, ಅದಕ್ಕೊಂದು ಹೆಸರು ಬೇರೆ! ತಟ್ಟೆ ಎಸೀತಿದ್ರಲ್ಲ, ಆಗ ನೀವು ಇದಕ್ಕಿಂತ ಮನುಷ್ಯರಾಗಿದ್ರಿ.”

ಅವನ ಕೈ ಮೇಲೆದ್ದಿತು. ಅಷ್ಟರಲ್ಲಿ ಕೋಣೆಯಿಂದ ಕೂಗು ಬಂತು. ಜಗಳದ ಸದ್ದು ಕೇಳಿ ಮುದುಕಿಗೂ ಅಪ್ಪಣೆ ಸಿಕ್ಕ ಹಾಗಾಗಿತ್ತು. ಏಳು ವಾರ ಒಳಗೇ ಇಟ್ಟುಕೊಂಡದ್ದು.

“ಪುಟ್ಟೂ! ಪುಟ್ಟೂ! ಪುಟ್ಟೂ!”

ಕೈ ಹಾಗೇ ಕೆಳಗಿಳಿಯಿತು. ಐವತ್ತನಾಲ್ಕು ವರ್ಷದ ಗಂಡಸು ಒಂದು ಗಳಿಗೆ ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ನಿಂತ. ಆಮೇಲೆ ಕೋಣೆಗೆ ಹೋದ. ಹಾಲಿನಲ್ಲಿ ಮಗಳು ಅವನ ಡೈರಿ ತೆಗೆದು ನೀಟಾಗಿ ಬರೆದಳು: ‘ಮನಸ್ಸು ಹೊರಟದ್ದು 6.41. ವಾಪಸ್ ಬಂದಿಲ್ಲ.’

ಹೊಲಿಗೆಯವಳು ಅವನ ಹಿಂದೆಯೇ ಹೋಗಿ ಡಬ್ಬಿ ತಂದು ಹಾಸಿಗೆಯ ಮೇಲೆ ಸುರಿದಳು.

“ಏಳಕ್ಕೆ ಇನ್ನೂ ಹದಿನೈದು ನಿಮಿಷ ಇದೆ. ಇಲ್ಲಿ ಕೂತ್ಕೊಳ್ಳಿ. ಕಣ್ಣು ಬಿಟ್ಕೊಂಡು.”

“ಏನು ಮಾಡೋದು ಇದನ್ನ?”

“ಆರಿಸಿ.”

ಅವನು ಮಂಚದ ಅಂಚಿಗೆ ಕೂತ. ತಾಯಿಯ ಮುಖ ನೋಡುವ ಧೈರ್ಯ ಸಾಲದೆ ಗುಂಡಿಗಳನ್ನೇ ನೋಡಿದ. ಬಿಳಿಯದು ಬಿಳಿಯದರ ಜೊತೆ, ನೀಲಿಯದು ನೀಲಿಯದರ ಜೊತೆ ಹಾಕುತ್ತ ಹೋದ. ಎರಡು ಕಣ್ಣಿನದು, ನಾಲ್ಕು ಕಣ್ಣಿನದು ಎಲ್ಲ ಒಂದೇ ರಾಶಿ. ಸೊಸೆ ಕಿಟಕಿಯ ಹತ್ತಿರ ನೆಲದ ಮೇಲೆ ಕೂತು, ಬುಧವಾರದ ಆ ಹೆಗ್ಗಣ ಕಡಿದ ಕಾಜಾವನ್ನು ಬ್ಲೇಡಿನಲ್ಲಿ ಬಿಚ್ಚತೊಡಗಿದಳು.

ಮುದುಕಿ ಮಗನ ರಾಶಿಯನ್ನು ಸ್ವಲ್ಪ ಹೊತ್ತು ಸಹಿಸಿಕೊಂಡಳು. ಆಮೇಲೆ ಎಡಗೈ ಎತ್ತಿ ಅವನ ಮಂಡಿಯ ಮೇಲೆ ಕುಟ್ಟಿದಳು. ಟಕ್.

“ಏನಮ್ಮಾ?” ಅಂದ ಪುಟ್ಟು.

“ಥೂ” ಅಂದಳು ತಾಯಿ.

ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಮಾತು ಬೇರೆಯವರ ತಲೆಯ ಮೇಲೆ ಬಿದ್ದಿತ್ತು. ಹೊಲಿಗೆಯವಳು ಮುಖ ಕೆಳಗೆ ಹಾಕಿ, ದಾರ ಕಚ್ಚಿ ತುಂಡುಮಾಡಿ, ಹೊಸದೊಂದು ಕಾಜಾ ಶುರು ಮಾಡಿದಳು.